ಬೀದರ್ ದಾರಿಯ ಕೊನೆಯ ಗಾಡಿ

ಹುಳಿಮಾವು ಕೆರೆಯ ಕಡೆಯಿಂದ ಇನ್ನೂ ತಂಪು ಗಾಳಿ ಬರುತ್ತಿದೆ. ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕಂಬಗಳ ಕೆಳಗೆ ಬೀದಿ ದೀಪಗಳು ಆರಿಲ್ಲ. ಶೀಟು ಹೊದಿಸಿದ ಪುಟ್ಟ ಪಂಕ್ಚರ್ ಅಂಗಡಿಯ ಮುಂದೆ ಸೊಣ್ಣಮ್ಮ ಕುಕ್ಕರಗಾಲಲ್ಲಿ ಕೂತು, ಹಳೆಯ ಸ್ಕೂಟರಿನ ಹಿಂದಿನ ಟೈರಿನ ಅಂಚಿಗೆ ಲಿವರ್ ಕೊಟ್ಟು ಎಬ್ಬುತ್ತಿದ್ದಾರೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟಿದ್ದಾರೆ. ಪಕ್ಕದಲ್ಲಿ ಆಸ್ಪತ್ರೆಯ ನರ್ಸೊಬ್ಬರು ಬ್ಯಾಗು ತಬ್ಬಿಕೊಂಡು ನಿಂತಿದ್ದಾರೆ.

"ಆಂಟಿ, ಸ್ವಲ್ಪ ಬೇಗ. ಡ್ಯೂಟಿಗೆ ಲೇಟಾಗತ್ತೆ."

"ಬೇಗ ಮಾಡಿದ್ರೆ ಸಂಜೆ ವಾಪಸ್ ಇಲ್ಲಿಗೇ ಬರ್ತೀಯ. ನಿಧಾನ ಮಾಡಿದ್ರೆ ಬರಲ್ಲ. ಯಾವ್ದು ಬೇಕು ಹೇಳು."

ನರ್ಸು ನಗುತ್ತಾರೆ. ಸೊಣ್ಣಮ್ಮ ಟ್ಯೂಬು ಎಳೆದು ಗಾಳಿ ತುಂಬಿ, ನೀರಿನ ಟಬ್ಬಿನಲ್ಲಿ ಮುಳುಗಿಸಿ, ಒಂದೊಂದು ಗೇಣು ಸರಿಸುತ್ತಾ ನೋಡುತ್ತಾರೆ. ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಮೇಲೇಳುತ್ತದೆ. ಅಲ್ಲಿಗೆ ಹೆಬ್ಬೆಟ್ಟು ಒತ್ತಿ, ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ, ಅದು ಒಣಗುವ ತನಕ ಬಾಯಲ್ಲಿ ಊದುತ್ತಾರೆ. ಪ್ಯಾಚು ಕೂರುತ್ತದೆ. ಹಣ ಕೊಡುವಾಗ ನರ್ಸು ಕೇಳುತ್ತಾರೆ:

"ಈ ಸಲ ಬೀದರಂತೆ? ನನ್ನದೂ ಕಿಲೋಮೀಟರಿಗೆ ಐವತ್ತು ಪೈಸೆ ಸೇರಿಸ್ಕೊಳಿ ಆಂಟಿ."

"ಸೇರಿಸ್ಕೊಳೋದೇನು, ಬಂದ್ಮೇಲೆ ನನ್ನ ಗಾಡಿ ಮೀಟರ್ ನೋಡಿ ಆಸರೆ ಮನೆ ಹುಂಡಿಗೆ ಹಾಕು," ಎನ್ನುತ್ತಾರೆ ಸೊಣ್ಣಮ್ಮ. ನರ್ಸು ಹೋದ ಮೇಲೆ ಕೈ ಒರೆಸುತ್ತಾ ಮೆಲ್ಲಗೆ ಸೇರಿಸುತ್ತಾರೆ, "ಹೋಗಕ್ಕೆ ಬಿಟ್ರೆ."

ಈ ವಾರ ಹುಳಿಮಾವಿನಿಂದ ಜಯನಗರದ ತನಕ, ಸೊಣ್ಣಮ್ಮನನ್ನು ಬಲ್ಲವರೆಲ್ಲ ಇದನ್ನೇ ಮಾತಾಡುತ್ತಿದ್ದಾರೆ. ಆಸರೆ ಮನೆಗಾಗಿ ಪ್ರತಿ ವರ್ಷ ಹೊರಡುವ ಮೋಟಾರ್ ಸೈಕಲ್ ಸಾಲಿನ ಕೊನೆಯಲ್ಲಿ ತಮ್ಮ ಟಿವಿಎಸ್ ಎಕ್ಸ್‌ಎಲ್ ಓಡಿಸಿಕೊಂಡು ಹೋಗುವವರು ಸೊಣ್ಣಮ್ಮ. ಈ ವರ್ಷ ಆ ಜಾಗ ಅವರಿಗೆ ಇರುತ್ತದೋ ಇಲ್ಲವೋ?

ಆಸರೆ ಮನೆ ಇರುವುದು ಪದ್ಮನಾಭನಗರದಲ್ಲಿ, ಟ್ಯೂಷನ್ ಬೋರ್ಡುಗಳ ನಡುವಿನ ಒಂದು ಎರಡಂತಸ್ತಿನ ಮನೆ. ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳಲು ಹೊರಗಿನ ಊರುಗಳಿಂದ ಬರುವ ಬಡವರು, ಅವರ ಜೊತೆ ಬಂದವರು, ಅಲ್ಲಿ ಉಳಿದುಕೊಳ್ಳುತ್ತಾರೆ. ಎರಡು ಹೊತ್ತು ಊಟ ಅಲ್ಲೇ. ಯಾರಿಗೂ ಕಾಸು ಕೇಳುವುದಿಲ್ಲ. ಹಾಗಾಗಿ ಅಡಿಗೆಮನೆಗೆ ಯಾವಾಗಲೂ ಕೊರತೆ. ಸೊಣ್ಣಮ್ಮ ಅಲ್ಲಿಗೆ ಮೊದಲ ಸಲ ಹೋದದ್ದು ಒಂದು ಗಾಲಿ ಕುರ್ಚಿಯ ಟೈರಿಗೆ ಪ್ಯಾಚು ಹಾಕುವುದಕ್ಕೆ.

"ಊಟದ ಹೊತ್ತಾಗಿತ್ತು. ಕೂತ್ಕೊಳಿ ಅಂದ್ರು, ಕೂತೆ. ಪಕ್ಕದಲ್ಲಿ ಒಬ್ರು ಹೆಂಗಸು, ತಲೇಲಿ ಒಂದು ಕೂದಲಿಲ್ಲ. ಅವರ ತಟ್ಟೆ ಉಪ್ಪಿನಕಾಯಿ ತೆಗೆದು ನನ್ನ ತಟ್ಟೆಗೆ ಹಾಕಿದ್ರು. ನಂಗೆ ಖಾರ ಆಗಲ್ಲ, ನೀವು ತಿನ್ನಿ ಅಂದ್ರು. ಅಂಥೋರ ಪಕ್ಕ ಕೂತು ಒಂದ್ ದಿನ ಉಂಡ್ಮೇಲೆ ಸುಮ್ನಿರಕ್ಕಾಗಲ್ಲ," ಎನ್ನುತ್ತಾರೆ.

ಈಗ ಅಪಾರ್ಟ್‌ಮೆಂಟುಗಳು ನಿಂತಿರುವ ಈ ಜಾಗದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದದ್ದು ನೆನಪಿರುವವರು ಇನ್ನೂ ನಾಲ್ಕಾರು ಜನ ಇದ್ದೇವೆ. ಸೊಣ್ಣಮ್ಮ ಮದುವೆಯಾಗಿ ಬಂದಾಗ ಮನೆಯ ಮುಂದೆ ಕಣ ಇತ್ತು. ಆಮೇಲೆ ಹೊಲ ಲೇಔಟ್ ಆಯಿತು. ಮೈದುನಂದಿರು ಬಾಡಿಗೆ ಮನೆಗಳನ್ನು ಎಬ್ಬಿಸಿದರು. ಗಂಡ ಚಿಕ್ಕಬೈರಪ್ಪನ ಪಾಲಿಗೆ ಬಂದದ್ದು ರಸ್ತೆ ಬದಿಯ ಮೂಲೆ. ಅದರಲ್ಲಿ ಮುಕ್ಕಾಲು ಭಾಗವನ್ನು ರಸ್ತೆ ಅಗಲ ಮಾಡುವಾಗ ತೆಗೆದುಕೊಂಡರು. ಉಳಿದ ತುಂಡಿನಲ್ಲಿ ಕೇರಳದ ಕಡೆಯವರೊಬ್ಬರು ಪಂಕ್ಚರ್ ಅಂಗಡಿ ಇಟ್ಟಿದ್ದರು. ಅವರಿಗೆ ಬೆಳಗಿನ ಟೀ ಕೊಡಲು ಹೋಗುತ್ತಿದ್ದ ಸೊಣ್ಣಮ್ಮ ನೋಡುತ್ತಾ ನೋಡುತ್ತಾ ಕೆಲಸ ಕಲಿತರು. ಅವರು ಊರಿಗೆ ಹೊರಟಾಗ ಗಾಳಿ ಮೆಷಿನ್ ಕೊಂಡುಕೊಂಡು ಅಂಗಡಿ ಮುಂದುವರಿಸಿದರು.

ನೆಂಟರ ಬಾಯಿ ಸುಮ್ಮನಿರಲಿಲ್ಲ. ಗೌಡರ ಮನೆ ಸೊಸೆ ಬೀದಿಯಲ್ಲಿ ಕೂತು ಟೈರು ಬಿಚ್ಚುವುದೇ ಎಂದರು. ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಕೈಯ ಕಪ್ಪು ಹೋಗಿಲ್ಲ, ಆಚೆ ಪಂಕ್ತಿಯಲ್ಲಿ ಕೂರು ಎಂದು ಯಾರೋ ಹೇಳಿದರಂತೆ. "ಏಳಲಿಲ್ಲ ನಾನು. ಇನ್ನೊಂದು ಹೋಳಿಗೆ ಹಾಕಿಸ್ಕೊಂಡೆ. ಹೋಗುವಾಗ ಹಂಗಂದ ಆವಮ್ಮನ ಕಾರೇ ಪಂಕ್ಚರು. ಹಾಕ್ಕೊಡ್ಲಾ ಅಂದೆ. ಬೇಡ ಅಂದ್ರು. ಬಿಸಿಲಲ್ಲಿ ನಿಂತಿದ್ರು ಪಾಪ."

ದಿನಕ್ಕೆ ಹತ್ತು ಹನ್ನೆರಡು ಟೈರು ಕೈಗೆ ಬರುತ್ತವೆ. ಟ್ಯೂಬ್‌ಲೆಸ್ ಬಂದ ಮೇಲೆ ಕೆಲಸ ಹಗುರ, ಸಂಪಾದನೆಯೂ ಹಗುರ. ಮಗ ಗೊಟ್ಟಿಗೆರೆಯಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಮನೆಯಲ್ಲಿ ಅನ್ನ ಸಾರು ಮಾಡುವವರು ಚಿಕ್ಕಬೈರಪ್ಪ. ನಾವು ಮಾತಾಡುವಾಗ ಅವರೇ ಟೀ ತಂದಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂರುತ್ತಾರೆ.

"ಗಂಡ ಮುದ್ದೆ ತಿರುಗಿಸ್ತಾನೆ, ಹೆಂಡ್ತಿ ರಾಮೇಶ್ವರಕ್ಕೆ ಗಾಡಿ ಓಡಿಸ್ತಾಳೆ ಅಂತ ಊರೆಲ್ಲ ನಗತ್ತೆ ಬುದ್ಧಿ."

"ನಗಲಿ ಬಿಡು, ಹಲ್ಲಿಗೆ ಗಾಳಿ ಆಡಲಿ," ಎನ್ನುತ್ತಾರೆ ಸೊಣ್ಣಮ್ಮ. "ಮುದ್ದೆ ಗಂಟಾದ್ರೆ ಮಾತ್ರ ನಾನು ನಗ್ತೀನಿ."

ಈ ಸವಾರಿ ಶುರು ಮಾಡಿದವರು ಚಿದಾನಂದ್, ಜಯನಗರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವರು. ಆಸರೆ ಮನೆಗೆ ಮಾತ್ರೆ ಕೊಡುತ್ತಾ ಕೊಡುತ್ತಾ ಅಲ್ಲಿನ ಕಷ್ಟ ಕಂಡವರು. ತಮ್ಮ ಹಾಗೆಯೇ ಬುಲೆಟ್ಟಿನ ಹುಚ್ಚಿರುವ ಏಳೆಂಟು ಗೆಳೆಯರನ್ನು ಸೇರಿಸಿದರು. ನಾವು ದೂರದ ಊರಿಗೆ ಹೋಗಿ ಬರುತ್ತೇವೆ, ಓಡಿಸಿದ ಕಿಲೋಮೀಟರಿಗೆ ಇಷ್ಟು ಎಂದು ನೀವು ಆಸರೆ ಮನೆಗೆ ಕೊಡಿ ಎಂದು ಬೀದಿ ಬೀದಿಯಲ್ಲಿ ಕೇಳಿದರು. ಹೂವಿನವರು, ತರಕಾರಿಯವರು, ಇಡ್ಲಿ ಹೋಟೆಲಿನವರು ಒಪ್ಪಿದರು.

ಮೊದಲ ವರ್ಷವೇ ಎಡವಟ್ಟಾಯಿತು. ಎಲ್ಲರೂ ಮುಂದೆ ಮುಂದೆ ಓಡಿದರು. ಕೃಷ್ಣಗಿರಿಯ ಆಚೆ ಗುರುಬಸಪ್ಪನ ಗಾಡಿಯ ಚೈನು ಹರಿದು ಅವರು ರಸ್ತೆ ಬದಿಯಲ್ಲಿ ಸಂಜೆಯ ತನಕ ಕೂತಿದ್ದರು, ಯಾರಿಗೂ ಗೊತ್ತಾಗಲಿಲ್ಲ. ಗುರುಬಸಪ್ಪ ಬಾದಾಮಿ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದುಕೊಂಡು ಆಫೀಸುಗಳ ಲಿಫ್ಟ್ ರಿಪೇರಿ ಮಾಡುವವರು. ಇನ್ನೊಂದು ತಕರಾರೂ ಬಂತು. ಒಬ್ಬೊಬ್ಬರ ಮೀಟರಿನಲ್ಲಿ ಒಂದೊಂದು ಲೆಕ್ಕ. ಯಾರದನ್ನು ನಂಬುವುದು ಎಂದು ಹೂವಿನ ಅಣ್ಣಮ್ಮ ಕೇಳಿಯೇಬಿಟ್ಟರು.

ಗುರುಬಸಪ್ಪನ ಗಾಡಿ ಟೈರಿನ ಕೆಲಸಕ್ಕೆಂದು ಸೊಣ್ಣಮ್ಮನ ಅಂಗಡಿಗೆ ಬಂದಾಗ ಕಥೆಯೆಲ್ಲ ಹೊರಬಿತ್ತು. ಅವತ್ತು ಸೊಣ್ಣಮ್ಮ ಬೈದದ್ದನ್ನು ಗುರುಬಸಪ್ಪ ಇವತ್ತಿಗೂ ಹೇಳಿಕೊಂಡು ನಗುತ್ತಾರೆ: "ಹಿಂದ ನೋಡೋರು ಒಬ್ರೂ ಇರಲಿಲ್ಲೇನ್ರೋ, ಕುರಿ ಮೇಯ್ಸೋನೂ ಹಿಂದ ಇರ್ತಾನ ಅಂದ್ರು. ನಾ ಅಂದೆ, ಹಂಗಾರ ನೀವ ಬರ್ರಿ ಅಕ್ಕಾರ. ಚೇಷ್ಟಿಗಂದಿದ್ದೆ ನೋಡ್ರಿ. ಮುಂದಿನ ವರ್ಷ ಅಂಗಡಿ ಬಾಗಲಾ ಹಾಕಿ ಬಂದ ಬಿಟ್ರು!"

ಅಂದಿನಿಂದ ಎರಡು ಕಟ್ಟಳೆ. ಸೊಣ್ಣಮ್ಮನ ಗಾಡಿಯೇ ಕೊನೆಯದು. ಅವರನ್ನು ಹಿಂದೆ ಬಿಟ್ಟು ಯಾರೂ ಟೀ ಅಂಗಡಿಯಿಂದ ಹೊರಡುವ ಹಾಗಿಲ್ಲ, ಅವರು ಬಂದು ಟೀ ಕುಡಿದ ಮೇಲೆಯೇ ಗಾಡಿ ಸ್ಟಾರ್ಟ್. ಎರಡನೆಯದು, ಲೆಕ್ಕಕ್ಕೆ ಹಿಡಿಯುವುದು ಎಕ್ಸ್‌ಎಲ್‌ನ ಮೀಟರ್ ಒಂದನ್ನೇ. ಕೊನೆಯವರು ಎಷ್ಟು ದೂರ ಬಂದರೋ ಅಷ್ಟೇ ಎಲ್ಲರೂ ಬಂದ ದೂರ.

ಹೊರಡುವ ಮುನ್ನ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಹತ್ತಿರ ಅಣ್ಣಮ್ಮ ಎಕ್ಸ್‌ಎಲ್‌ನ ಹ್ಯಾಂಡಲಿಗೆ ಸೇವಂತಿಗೆ ಕಟ್ಟಿ, ಮೀಟರಿನ ಅಂಕಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾರೆ. ವಾಪಸ್ ಬಂದಾಗ ಮತ್ತೆ ಕೂಗುತ್ತಾರೆ. ಹಳೆಯ ಅಂಕಿ ಕಳೆದು ಉಳಿದದ್ದೆಷ್ಟು ಎಂದು ಪಕ್ಕದ ತರಕಾರಿಯವರು ಹೇಳುತ್ತಾರೆ. ಇದಕ್ಕಿಂತ ದೊಡ್ಡ ಸಮಾರಂಭವನ್ನು ಅವರು ಯಾರೂ ಮಾಡಿಕೊಂಡಿಲ್ಲ.

ಹೀಗೆ ಕನ್ಯಾಕುಮಾರಿ ಆಗಿದೆ, ರಾಮೇಶ್ವರ ಆಗಿದೆ, ಗೋಕರ್ಣ ಆಗಿದೆ. ನಲವತ್ತು ನಲವತ್ತೈದರ ವೇಗದಲ್ಲಿ ದಿನವಿಡೀ ಓಡಿಸುವುದೆಂದರೆ ಬೆನ್ನು ಹಿಡಿದುಕೊಳ್ಳುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಹೆಂಗಸರಿಗೆ ದಾರಿಯಲ್ಲಿ ಶೌಚಾಲಯ ಹುಡುಕುವ ಕಷ್ಟ ಬೇರೆ. ಟ್ಯಾಂಕು ಚಿಕ್ಕದು, ಪೆಟ್ರೋಲ್ ಬಂಕು ಕಂಡಾಗಲೆಲ್ಲ ನಿಲ್ಲಬೇಕು. ಕಾರಿನವರು ಕಿಟಕಿ ಇಳಿಸಿ ನಗುತ್ತಾರೆ, ಕೆಲವರು ಫೋಟೋ ತೆಗೆಯುತ್ತಾರೆ.

"ಲಾರಿ ಪಕ್ಕದಲ್ಲಿ ಹೋದಾಗ ಗಾಳಿ ಮೊದ್ಲು ಒಳಗೆ ಎಳ್ಕೊಳತ್ತೆ, ಆಮೇಲೆ ಆಚೆ ತಳ್ಳತ್ತೆ. ಹೆದರ್ಕೊಂಡು ಹ್ಯಾಂಡಲ್ ಬಿಗಿ ಹಿಡಿದ್ರೆ ಬೀಳ್ತೀವಿ. ಬೀಳ್ಸು ನೋಡೋಣ ಅಂತ ಕೂತಿರ್ಬೇಕು," ಎನ್ನುತ್ತಾರೆ ಸೊಣ್ಣಮ್ಮ.

ಈ ವರ್ಷ ಮಾತ್ರ ಬೇರೆಯೇ ಆಯಿತು. ಸವಾರರ ಜಾಕೆಟ್ಟು, ಹೆಲ್ಮೆಟ್ಟು ಮಾರುವ ಒಂದು ಕಂಪನಿ ಚಿದಾನಂದರನ್ನು ಹುಡುಕಿಕೊಂಡು ಬಂತು. ಆಸರೆ ಮನೆಯ ಅಡಿಗೆಮನೆ ವರ್ಷಪೂರ್ತಿ ನಡೆಯುವಷ್ಟು ಹಣ ಕೊಡುತ್ತೇವೆ ಎಂದಿತು. ಬೀದಿಯವರು ಕೊಡುವುದೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಬದಲಿಗೆ ಎಲ್ಲರೂ ಕಂಪನಿಯ ಜಾಕೆಟ್ ತೊಡಬೇಕು, ಕಂಪನಿಯ ಹತ್ತಾರು ಸವಾರರೂ ಜೊತೆಗೆ ಬರುತ್ತಾರೆ, ಎರಡೇ ದಿನದಲ್ಲಿ ಬೀದರ್ ಮುಟ್ಟಬೇಕು, ದಾರಿಯುದ್ದಕ್ಕೂ ವಿಡಿಯೋ ತೆಗೆಯುತ್ತಾರೆ. ಎರಡು ದಿನದಲ್ಲಿ ಎಕ್ಸ್‌ಎಲ್ ಬೀದರ್ ಮುಟ್ಟುವುದಿಲ್ಲ. ಅದನ್ನು ವ್ಯಾನಿಗೆ ಹಾಕಿ, ಸೊಣ್ಣಮ್ಮನನ್ನು ಡ್ರೈವರ್ ಪಕ್ಕ ಕೂರಿಸುವುದು ಎಂದು ತೀರ್ಮಾನವಾಯಿತು.

ಹೇಳಲು ಬಂದ ಚಿದಾನಂದರ ತಲೆ ಬಗ್ಗಿತ್ತು. "ಸೊಣ್ಣಮ್ಮನೋರೆ, ಅಡಿಗೆಮನೆ ಮುಖ ನೋಡಿ ಒಪ್ಕೊಂಡೆ. ಈ ಒಂದ್ ಸಲ ಅಡ್ಜಸ್ಟ್ ಮಾಡ್ಕೊಳಿ."

ಸೊಣ್ಣಮ್ಮ ಆಗಲಿ ಎಂದರು. ಅಡಿಗೆಮನೆಯ ಮಾತು ಬಂದ ಮೇಲೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಕಳೆದ ಭಾನುವಾರ ಒಂದು ರಿಹರ್ಸಲ್ ನಡೆಯಿತು, ಕನಕಪುರದ ತನಕ. ಅಣ್ಣಮ್ಮ ಎಂದಿನಂತೆ ಹೂ ಕಟ್ಟಿ ಅಂಕಿ ಕೂಗಿದರು. ಮುಂದಿನ ತಿರುವಿನಲ್ಲಿ ಎಕ್ಸ್‌ಎಲ್ ವ್ಯಾನಿಗೆ ಹತ್ತಿತು. ಹಾರೋಹಳ್ಳಿಯ ಟೀ ಅಂಗಡಿಯಲ್ಲಿ ಕಂಪನಿಯವರು ಫೋನಿನ ಗಂಟೆ ನೋಡಿಕೊಂಡು ಹೊರಟುಬಿಟ್ಟರು. ಹಳೆಯ ಗೆಳೆಯರು ಮಾತ್ರ ಲೋಟ ಹಿಡಿದು ನಿಂತಿದ್ದರು. ವ್ಯಾನ್ ಬಂದಾಗ ಗುರುಬಸಪ್ಪ ಕಿಟಕಿಯ ಬಳಿ ಹೋಗಿ ಟೀ ಕೊಟ್ಟರು. "ಅಕ್ಕಾರ, ಎಮ್ಮೆಲ್ಲೆ ಆದಂಗ ಕುಂತೀರಲ್ರೀ! ಎಸಿ ಐತೇನು?"

"ಐತೆ ಕಣಪ್ಪ. ಕಾಲು ತಣ್ಣಗಾಯ್ತು," ಎಂದರಂತೆ ಸೊಣ್ಣಮ್ಮ. ನಗಲಿಲ್ಲ.

ಮಾರುಕಟ್ಟೆಗೆ ವಾಪಸ್ ಬಂದಾಗ ಅಣ್ಣಮ್ಮ ಹೂಬುಟ್ಟಿ ಬಿಟ್ಟು ಎದ್ದು ಬಂದರು. ಸೆರಗಿನಿಂದ ಮೀಟರ್ ಒರೆಸಿದರು. ಕೂಗಲು ಬಾಯಿ ತೆರೆದವರು ಹಾಗೇ ನಿಂತರು. ಬೆಳಗ್ಗೆ ಕೂಗಿದ ಅಂಕಿಯೇ ಅಲ್ಲಿತ್ತು. ವ್ಯಾನಿನಲ್ಲಿ ಹೋದ ಗಾಡಿಯ ಮೀಟರ್ ತಿರುಗುವುದಾದರೂ ಹೇಗೆ? ಇಷ್ಟು ಜನ ಕೂತು ತೀರ್ಮಾನ ಮಾಡುವಾಗ ಇದೊಂದು ಯಾರಿಗೂ ಹೊಳೆದಿರಲಿಲ್ಲ, ಸೊಣ್ಣಮ್ಮನಿಗೂ.

"ಏನಕ್ಕಾ ಇದು? ಕನಕಪುರಕ್ಕೆ ಹೋಗಿದ್ದು ನೀವಾ, ವ್ಯಾನಾ?" ಎಂದರು ಅಣ್ಣಮ್ಮ.

ಪಕ್ಕದ ತರಕಾರಿಯವರು ನಕ್ಕರು. ಕಂಪನಿಯ ಪರವಾಗಿ ಎಲ್ಲ ನೋಡಿಕೊಳ್ಳುವ ಸಿರಿ ಎಂಬ ಹುಡುಗಿ ಮುಂದೆ ಬಂದು, ಫೋನಿನಲ್ಲಿ ಕಿಲೋಮೀಟರ್ ದಾಖಲಾಗಿದೆ, ತೋರಿಸುತ್ತೇನೆ ಎಂದಳು. ಅಣ್ಣಮ್ಮ ಫೋನಿನ ಕಡೆ ನೋಡಲೂ ಇಲ್ಲ. "ನಾನು ಮಾತು ಕೊಟ್ಟಿರೋದು ಈ ಗಾಡಿಗೆ ತಾಯಿ. ಇವತ್ತು ನಂದು ಸೊನ್ನೆ," ಎಂದು ಬುಟ್ಟಿಯ ಬಳಿಗೆ ಹೋಗಿ ಕೂತರು.

ಸೊಣ್ಣಮ್ಮ ಅಲ್ಲೇ ವ್ಯಾನಿನಿಂದ ಎಕ್ಸ್‌ಎಲ್ ಇಳಿಸಿಕೊಂಡರು. ಹುಳಿಮಾವಿಗೆ ಓಡಿಸಿಕೊಂಡೇ ಬಂದರು. ಮನೆಗೆ ಬಂದು ಗಂಡನಿಗೆ ಹೇಳಿದ್ದು ಒಂದೇ ಮಾತು: "ಗುರುವಾರ ಹೊರಡ್ತೀನಿ. ಅವರದು ಶನಿವಾರ."

ಎರಡು ದಿನ ಮೊದಲೇ ಹೊರಟರೆ, ಅವರು ಬೀದರ್ ಮುಟ್ಟುವ ಹೊತ್ತಿಗೆ ನಾನೂ ಮುಟ್ಟಿರುತ್ತೇನೆ, ಯಾರ ವೇಗಕ್ಕೂ ಅಡ್ಡಿಯಿಲ್ಲ, ಮೀಟರೂ ಓಡಿರುತ್ತದೆ ಎಂಬುದು ಅವರ ಲೆಕ್ಕ. ಒಬ್ಬರೇ ಹೋಗುವುದು. ಚಿಕ್ಕಬೈರಪ್ಪ ಬೇಡ ಎನ್ನಲಿಲ್ಲ. "ಬೇಡ ಅಂದ್ರೆ ಬುಧವಾರವೇ ಹೊರಟಾಳು," ಎನ್ನುತ್ತಾರೆ.

ಸುದ್ದಿ ತಿಳಿದು ಬುಧವಾರ ಸಂಜೆ ಸಿರಿ ಅಂಗಡಿಗೆ ಬಂದಳು. ಕೆಟ್ಟ ಹುಡುಗಿಯಲ್ಲ. ಬಂದವಳೇ ಟಬ್ಬಿನ ಪಕ್ಕದ ಮಣೆಯ ಮೇಲೆ ಕೂತಳು.

"ಆಂಟಿ, ನನ್ನ ಮಾತು ಕೇಳಿ. ಶನಿವಾರ ಗ್ರೌಂಡಲ್ಲಿ ಸ್ಟೇಜ್ ಹಾಕಿಸ್ತಿದೀವಿ. ನಿಮಗೆ ಸನ್ಮಾನ. ಶಾಲು, ಹಾರ, ಎಲ್ಲ. ನೀವೇ ಬಾವುಟ ತೋರಿಸಿ ರೈಡ್ ಕಳಿಸ್ಕೊಡಿ. ಸಖತ್ತಾಗಿರತ್ತೆ."

"ಬಾವುಟ ತೋರಿಸೋರು ಇಲ್ಲೇ ಉಳ್ಕೋತಾರಮ್ಮ."

"ಅಯ್ಯೋ, ಗೌರವ ಅಲ್ವಾ ಆಂಟಿ ಅದು?"

"ಗೌರವಾನೇ. ಇಲ್ಲ ಅನ್ನಲ್ಲ. ದೇವ್ರಿಗೂ ಹಾರ ಹಾಕಿ ಒಳಗೆ ಕೂರಿಸ್ತಾರೆ. ನಂಗೆ ಕೂರಕ್ಕಾಗಲ್ಲ."

ಸಿರಿ ತನ್ನ ಮೇಲಿನವರಿಗೆ ಏನು ಹೇಳಲಿ ಎಂದು ಕೇಳಿದಳು. "ಮುದುಕಿ ಹಠಮಾರಿ ಅಂತ ಹೇಳು. ಸುಳ್ಳೇನಲ್ಲವಲ್ಲ," ಎಂದರು ಸೊಣ್ಣಮ್ಮ. ಹೋಗುವಾಗ ಅವಳ ಸ್ಕೂಟರಿನ ಎರಡೂ ಟೈರಿಗೆ ಗಾಳಿ ತುಂಬಿ ಕಳಿಸಿದರು.

ಗುರುವಾರ. ಬೆಳಕು ಹರಿಯುತ್ತಿದೆ. ಎಕ್ಸ್‌ಎಲ್‌ನ ಮುಂದಿನ ಜಾಗದಲ್ಲಿ ಟ್ಯೂಬು, ಪಂಪು, ಲಿವರುಗಳ ಚೀಲ. ಹಿಂದೆ ಒಂದು ಜೊತೆ ಬಟ್ಟೆ, ಚಿಕ್ಕಬೈರಪ್ಪ ಕಟ್ಟಿಕೊಟ್ಟ ಚಪಾತಿ. ಅಣ್ಣಮ್ಮ ಈ ಸಲ ತಾವೇ ಮೊದಲ ಬಸ್ಸಿಗೆ ಹುಳಿಮಾವಿಗೆ ಬಂದು ಹೂ ಕಟ್ಟುತ್ತಿದ್ದಾರೆ. ಸೊಣ್ಣಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಕೆರೆಯ ಕಡೆಯ ರಸ್ತೆಯಿಂದ ಬುಲೆಟ್ಟಿನ ಸದ್ದು ಬರುತ್ತದೆ. ಬಂದವರು ಗುರುಬಸಪ್ಪ. ಗಾಡಿಗೆ ಸಾಮಾನು ಕಟ್ಟಿದೆ.

"ನೀನ್ಯಾಕಪ್ಪ ಬಂದೆ? ನಿಂದು ಶನಿವಾರ ಅಲ್ವಾ?"

"ಬಾಲ ಮುಂದ ಹೋದ್ರ ಹಾವು ಹೆಂಗ ಹರೀಬೇಕ್ರೀ ಅಕ್ಕಾರ? ನಿಮ್ಮನ್ನ ಬಿಟ್ಟು ಹೊಂಡೂ ಹಂಗಿಲ್ಲ ಅಂತ ಕಟ್ಟಳೆ ಐತಿ. ನೀವು ಗುರುವಾರ ಅಂದ್ರ ನಮದೂ ಗುರುವಾರ."

ಅವರ ಹಿಂದೆಯೇ ಒಬ್ಬೊಬ್ಬರಾಗಿ ಹಳೆಯ ಗೆಳೆಯರೆಲ್ಲ ಬಂದು ಅಂಗಡಿಯ ಮುಂದೆ ನಿಲ್ಲುತ್ತಾರೆ. ಯಾರ ಮೈಮೇಲೂ ಕಂಪನಿಯ ಜಾಕೆಟ್ಟಿಲ್ಲ. ಕಡೆಗೆ ಬಂದವರು ಚಿದಾನಂದ್. ಗಾಡಿಯಿಂದ ಇಳಿದು ಸೊಣ್ಣಮ್ಮನ ಎದುರು ಬಂದು ನಿಲ್ಲುತ್ತಾರೆ.

"ರಾತ್ರಿ ಫೋನ್ ಮಾಡಿ ಹೇಳ್ದೆ, ನಾವು ಬರಲ್ಲ ಅಂತ. ಕಂಪನಿ ದುಡ್ಡು ಹೋಯ್ತು ಸೊಣ್ಣಮ್ಮನೋರೆ. ಆಸರೆ ಮನೇಲಿ ಮುಖ ತೋರಿಸೋದು ಹೇಗೋ ಗೊತ್ತಿಲ್ಲ."

"ಶನಿವಾರ ನೀವು ಅವ್ರ ಜೊತೆ ಹೋಗಿದ್ರೆ ದುಡ್ಡು ಉಳೀತಿತ್ತಲ್ಲ."

"ಉಳೀತಿತ್ತು. ಟೀ ಅಂಗಡೀಲಿ ನಿಂತ್ಕೊಂಡು ಯಾರಿಗೆ ಕಾಯೋದು?"

ಸೊಣ್ಣಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಹೋಗಿ, ಮುಂದೆ ನಿಂತ್ಕೊಳಿ. ನಿಮ್ಮ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಐತೆ, ಮೊದ್ಲು ಹಾಕಿಸ್ಕೊಳಿ," ಎನ್ನುತ್ತಾರೆ. ಚಿದಾನಂದ್ ಕಣ್ಣು ಒರೆಸಿಕೊಂಡು ನಗುತ್ತಾರೆ.

ಅಣ್ಣಮ್ಮ ಅಂಕಿ ಕೂಗುತ್ತಾರೆ. ಹಾಲಿನವರು, ಪೇಪರಿನವರು ನಿಂತು ನೋಡುತ್ತಾರೆ. ಒಂದೊಂದೇ ಬುಲೆಟ್ ರಸ್ತೆಗೆ ಇಳಿದು ಸಾಲಾಗುತ್ತದೆ. ಈ ಪುರವಣಿ ನಿಮ್ಮ ಕೈ ಸೇರುವ ಹೊತ್ತಿಗೆ ಅವರೆಲ್ಲ ಕಲಬುರಗಿಯ ಆಸುಪಾಸಿನಲ್ಲಿ ಎಲ್ಲೋ ಟೀ ಕುಡಿಯುತ್ತಿರಬಹುದು, ಅಥವಾ ಸೊಣ್ಣಮ್ಮ ಬರಲಿ ಎಂದು ಲೋಟ ಹಿಡಿದು ಕಾಯುತ್ತಿರಬಹುದು.

ಹೊರಡುವ ಮುನ್ನ ಒಂದು ಮಾತು ಕೇಳಲೇಬೇಕಾಗಿತ್ತು, ಕೇಳಿದ್ದಾಯಿತು. ನಿಮ್ಮ ಹಠದಿಂದ ಅಡಿಗೆಮನೆಗೆ ಬರುತ್ತಿದ್ದ ಹಣ ಹೋಯಿತಲ್ಲ, ಅದಕ್ಕೇನು ಹೇಳುತ್ತೀರಿ?

ಸೊಣ್ಣಮ್ಮನಿಗೆ ಸಿಟ್ಟು ಬರಲಿಲ್ಲ. ಮುಂದಿನ ಸಾಲು ಮುಂದಕ್ಕೆ ಹೋಗುವುದನ್ನೇ ನೋಡುತ್ತಾ ಗಾಡಿಯ ಮೇಲೆ ಕೂತಿದ್ದರು. ಕೊನೆಯ ಬುಲೆಟ್ ಮೆಟ್ರೋ ಕಂಬ ದಾಟಿದ ಮೇಲೆ ತಿರುಗಿ ಹೇಳಿದರು:

"ಕಮ್ಮಿ ಬಿದ್ರೆ ಬೀದರಿಂದ ಬಂದ್ಮೇಲೆ ಇನ್ನೊಂದ್ ಸಲ ಕನ್ಯಾಕುಮಾರಿಗೆ ಹೋಗ್ತೀನಿ. ಅದೂ ಸಾಲ್ದಿದ್ರೆ ಮತ್ತೊಂದು ಊರು. ರಸ್ತೆ ಏನು ಮುಗಿದೋಗೈತಾ?"